ಕೌದಿಗಳ ಸ್ಟುಡಿಯೋ

ಚೋಲ್ಪೋನ್ ಅಕ್ಕಾ,

ಇವತ್ತು ಬೆಳಗ್ಗೆ ನಾನು ಗಿಟಾರಿನ ಒಂದೇ ತಂತಿ ಮೀಟಿದ್ದಕ್ಕೆ ಆಲಾ-ತೋ ಬೆಟ್ಟದ ಹಿಮವೆಲ್ಲ ಜಾರಿ ಬಿಷ್ಕೆಕ್ ಪೇಟೆಗೆ ಬಂದು ನಿಂತಿತು.

ನಿನ್ನ ಮಗಳು ಐಸುಲುವಿನ ಮದುವೆಯ ಹಾಡು ರೆಕಾರ್ಡ್ ಆಗಿದೆ. ನಮ್ಮ ಹಳೇ ಕಂಪ್ಯೂಟರ್ ಆರಿಸಬೇಡ. ಆ ಮುದುಕ ಇನ್ನೂ ಹಾಡನ್ನು ಸೇವ್ ಮಾಡುತ್ತಿದ್ದಾನೆ.

ಸ್ಟುಡಿಯೋ ಬಾಡಿಗೆ ಕೊಡುವವರು ಯಾರು? ಐಸುಲುವಿನ ಜೊತೆ ಗಂಡನ ಮನೆಗೆ ಕಳಿಸಲು ನೀನು ಹೊಲಿದ ಹದಿನಾಲ್ಕು ಕೌದಿಗಳನ್ನೇ ಬಾಲ್ಕನಿಯಲ್ಲಿ ಆಂಪ್ಲಿಫೈಯರಿನ ಸುತ್ತ ಒಟ್ಟಿ ಕೋಣೆ ಕಟ್ಟಿದೆ. ಪಕ್ಕದ ಮನೆಯ ಬೆಕ್ಕಿಗೂ ಸದ್ದು ಕೇಳಲಿಲ್ಲ. ನಾಲ್ಕು ಗಂಟೆಗೆ ಬೀಗಿತ್ತಿ ಬಂದು ಒಂದೊಂದನ್ನೂ ಎತ್ತಿ ನೋಡುತ್ತಾರಲ್ಲ, ಅಷ್ಟರೊಳಗೆ ಪೆಟ್ಟಿಗೆಯ ಮೇಲೆ ಮತ್ತೆ ಒಟ್ಟಿಡು. ಒಲೆಯ ಮೇಲೆ ಮಂತಿ ಕಡುಬು ಇದೆ, ಮೊದಲು ತಿನ್ನು.

ಇದನ್ನು ಬರೆಯುತ್ತಿರುವಾಗಲೇ ನೀನು ಫೋನ್ ಮಾಡಿ, "ನಮ್ಮ ಬಾಲ್ಕನೀಲಿ ಹೊಗೆ ಬಂತಂತಲ್ಲೋ ಎರ್ಮೆಕ್, ಏನದು?" ಎಂದು ಕೇಳಿದೆ. ನಾನು "ಕಬಾಬ್ ಸುಡ್ತಿದ್ದೆ ಅಕ್ಕಾ" ಎಂದೆ. "ಮಾಂಸ ತರೋಕೆ ನೀನ್ಯಾವತ್ತು ಪೇಟೆಗೆ ಹೋದ್ಯೋ, ಸುಳ್ಳ?" ಎಂದು ನೀನು ಫೋನ್ ಇಟ್ಟುಬಿಟ್ಟೆ.

ಕಬಾಬ್ ಅಲ್ಲ ಅಕ್ಕಾ. ಆಂಪ್ಲಿಫೈಯರ್ ಕಾದು ನೀಲಿ ರೇಷ್ಮೆಯ ಕೌದಿ ಅಂಗೈಯಗಲ ಸುಟ್ಟಿದೆ. ಅದೇ ಬಣ್ಣದ ಬಟ್ಟೆ ತರಲು ಓಡುತ್ತಿದ್ದೇನೆ. ಸೂಜಿಗೆ ದಾರ ಪೋಣಿಸಿಟ್ಟಿರು. ಹೊಲಿಯುವುದು ನಾನೇ, ಬೈಯುವುದು ನೀನು.

ಎರ್ಮೆಕ್