ಹಗ್ಗದ ಮೇಲಿನ ಶರ್ಟು

ಮಂಗಳವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ಇದ್ದಕ್ಕಿದ್ದಂತೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಗಾಬರಿಯೆಲ್ಲ ನನಗೇ ಇರಲಿ. ಫೋನು ಮಾಡಿದರೆ ಮೂರನೇ ಮಾತಿಗೇ ನಮ್ಮಿಬ್ಬರ ಜಗಳ ಶುರುವಾಗುತ್ತದೆ, ಅದಕ್ಕೇ ಕಾಗದ. ಎದುರುಮನೆಯ ಲಾರಿ ಡ್ರೈವರಣ್ಣ ಇವತ್ತು ನೀವಿರುವ ಊರಿಗೇ ಲೋಡು ಒಯ್ಯುತ್ತಿದ್ದಾರೆ. ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ ಮೇಷ್ಟ್ರ ಮನೆ ಇದೆಯಲ್ಲ, ನಿನ್ನೆ ಅಲ್ಲಿ ಕಳ್ಳತನವಾಯಿತು. ಹಾಡಹಗಲಲ್ಲಿ! ಮನೆಯಲ್ಲಿದ್ದ ಅವರ ತಂಗಿಯನ್ನು ಬಚ್ಚಲಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದರು. ಮೇಷ್ಟ್ರು ಬಂದು ತೆಗೆಯುವವರೆಗೂ ಆಕೆ ಒಳಗೇ ಇದ್ದರಂತೆ. ಇಂಥವರು ಮೊದಲೇ ಏನಾದರೂ ನೆಪ ಮಾಡಿಕೊಂಡು ಬಂದು ಮನೆ ನೋಡಿರುತ್ತಾರೆ, ಗಂಡಸರು ಯಾವಾಗ ಇರುವುದಿಲ್ಲ ಎಂದು ತಿಳಿದುಕೊಂಡಿರುತ್ತಾರೆ ಎಂದರು ಪೊಲೀಸರು. ನಮ್ಮ ಮನೆಯಲ್ಲಂತೂ ಗಂಡಸರು ಯಾವತ್ತೂ ಇರುವುದಿಲ್ಲ. ಗುಬ್ಬಿ ಶಾಲೆಯಿಂದ ಬಂದರೆ, ನಾನು ಲಾಂಡ್ರಿಯ ಕೆಲಸ ಮುಗಿಸಿ ಬರುವವರೆಗೆ ಒಬ್ಬಳೇ ಇರುತ್ತಾಳೆ.

ಹಾಗಂತ ನಾನೇನು ಕೈಕಟ್ಟಿ ಕೂತಿರಲಿಲ್ಲ. ನೀವು ಬಿಟ್ಟುಹೋದ ನೀಲಿ ಗೆರೆಯ ಶರ್ಟನ್ನು ದಿನಾ ನೀರಿನಲ್ಲಿ ಅದ್ದಿ ಮುಂಬಾಗಿಲ ಹತ್ತಿರದ ಹಗ್ಗಕ್ಕೆ ಹಾಕುತ್ತಿದ್ದೆ. ನೋಡಿದವರು ಇಲ್ಲೊಬ್ಬ ಗಂಡಸಿದ್ದಾನೆ ಅಂದುಕೊಳ್ಳಲಿ ಎಂದು. ನಗಬೇಡಿ. ನೀವು ಇಲ್ಲಿದ್ದಾಗ ಕಾದದ್ದಕ್ಕಿಂತ ಆ ಶರ್ಟೇ ಚೆನ್ನಾಗಿ ಮನೆ ಕಾದಿದೆ. ಸಂಜೆ ತೆಗೆದು, ಕೈ ಸುಮ್ಮನಿರದೆ ಇಸ್ತ್ರಿಯನ್ನೂ ಮಾಡುತ್ತಿದ್ದೆ. ಲಾಂಡ್ರಿಯವರ ಚಾಳಿ, ಏನು ಮಾಡುವುದು.

ಶುಕ್ರವಾರ ಒಬ್ಬ ಬಂದಿದ್ದ. ಕಿಟಕಿಗೆ ಸೊಳ್ಳೆ ಪರದೆ ಹಾಕುವವನಂತೆ. ನಯವಾದ ಮಾತು, ಕೈಯಲ್ಲಿ ಅಳತೆಯ ಟೇಪು. ಬೇಡವೆಂದರೂ ಕೇಳದೆ ಕಿಟಕಿಗಳನ್ನೆಲ್ಲ ಅಳೆದ. ಸರಳುಗಳ ನಡುವಿನ ಸಂದನ್ನೂ ಅಳೆದ. ಪರದೆಗೆ ಆ ಅಳತೆ ಯಾಕೆ ಬೇಕು ಹೇಳಿ? ಹೊರಡುವಾಗ ಹಗ್ಗದ ಕಡೆ ನೋಡಿ, ನಿಮ್ ಯಜಮಾನ್ರಿಗೆ ಇರೋದು ಒಂದೇ ಶರ್ಟಾ, ಕಾಲರ್ ಒಂಚೂರೂ ಕೊಳೆಯಾಗಲ್ವಲ್ಲ ಎಂದು ನಕ್ಕ. ನಾನು ಏನೋ ಹೇಳಿ ಸಾಗಹಾಕಿದೆ.

ಕಾಲರು ನೋಡಿ ಮನುಷ್ಯ ಎಂಥ ಕೆಲಸದವನು ಎಂದು ಹೇಳುವವಳು ನಾನು. ದಿನವಿಡೀ ಅದನ್ನೇ ಉಜ್ಜುತ್ತೇನೆ. ಆದರೂ ಯಾರೂ ತೊಡದ ಶರ್ಟಿಗೆ ಕೊಳೆ ಎಲ್ಲಿಂದ ಬರಬೇಕು ಎನ್ನುವುದು ನನಗೆ ಹೊಳೆಯಲಿಲ್ಲ, ಅವನಿಗೆ ಹೊಳೆಯಿತು. ಮೇಷ್ಟ್ರ ಮನೆಗೂ ಅದೇ ಟೇಪಿನವನು ಬಂದಿದ್ದನೆಂದು ನಿನ್ನೆ ಗೊತ್ತಾಯಿತು.

ಆಗಿನಿಂದ ಊಟ ಸೇರುತ್ತಿಲ್ಲ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೂ ಎದ್ದು ಹೋಗಿ ಚಿಲಕ ನೋಡಿ ಬರುತ್ತೇನೆ. ಪೊಲೀಸರು ಅವನ ಮುಖ ಹೇಗಿತ್ತೆಂದು ಕೇಳಿದರು, ನನಗೆ ಸರಿಯಾಗಿ ಹೇಳಲಾಗಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ಇವತ್ತೇನೋ ರಜೆ ಹಾಕಿ ಗುಬ್ಬಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೇನೆ. ನಾಳೆಯಿಂದ ರಜೆ ಕೇಳಿದರೆ ಕೆಲಸಕ್ಕೇ ಬರಬೇಡ ಎಂದಿದ್ದಾರೆ ಲಾಂಡ್ರಿಯ ಮ್ಯಾನೇಜರಮ್ಮ.

ಅದಕ್ಕೇ ಒಂದು ಉಪಕಾರ ಮಾಡಿ. ನಿಮ್ಮ ಹಳೇ ಶರ್ಟು ನಾಲ್ಕೈದು, ಒಗೆಯದೆ ಹಾಗೇ ಕಳಿಸಿ. ಬಾಗಿಲಲ್ಲಿ ಬಿಡಲು ಒಂದು ಜೊತೆ ಚಪ್ಪಲಿ. ಹೊಸದು ಬೇಡ, ಹಿಮ್ಮಡಿ ಸವೆದಿರಲಿ. ಡ್ರೈವರಣ್ಣ ನಾಳೆಯೇ ವಾಪಸು ಹೊರಡುತ್ತಾರೆ, ಅವರಿಗೆ ಕೊಟ್ಟರಾಯಿತು. ಇದರಲ್ಲಿ ಬೇರೆ ಅರ್ಥವೇನೂ ಹುಡುಕಬೇಡಿ. ನಾನು ಧೈರ್ಯವಾಗಿಯೇ ಇದ್ದೇನೆ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಟೇಪಿನವನು ಬಂದಾಗ ನಾನು ಲಾಂಡ್ರಿಯಲ್ಲಿದ್ದೆ. ಬಾಗಿಲು ತೆಗೆದದ್ದು ಗುಬ್ಬಿ. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡವಳೂ ಅವಳೇ. ಶರ್ಟಿನ ಮಾತು ಕೇಳಿದ್ದು ಅವಳನ್ನು. ನಮ್ಮಪ್ಪ ಇಲ್ಲಿಲ್ಲ ಅಂಕಲ್, ಅದನ್ನ ಅಮ್ಮ ಸುಮ್ನೆ ಒಣಗಿಸೋದು ಎಂದು ಹೇಳಿಬಿಟ್ಟಿದ್ದಾಳೆ. ಗುರುವಾರ ಪರದೆ ತರ್ತೀನಿ, ಅಮ್ಮಂಗೆ ಹೇಳ್ಬೇಡ ಪುಟ್ಟಿ ಎಂದನಂತೆ. ನಿನ್ನೆ ಸಂಜೆ ಅಳುತ್ತಾ ಹೇಳಿದಳು. ಚಪ್ಪಲಿ ಕಳಿಸಬೇಡಿ. ಹಾಕಿಕೊಂಡೇ ಬನ್ನಿ.