ಶಿವಿಯ ಅಲಾರಂ

9 ಜನವರಿ 1984, ಸೋಮವಾರ
ಅಂಗಡೀಲಿ ಇವತ್ತು ರಿಪೇರಿಗೆ ಮೂರು ರಿಸ್ಟ್ ವಾಚು, ಒಂದು ಗೋಡೆ ಗಡಿಯಾರ. ಮಗಳು ಶಿವಿಗೆ ಎಸ್ಸೆಸ್ಸೆಲ್ಸಿ ಅಲ್ವಾ — ಹಳೇ ಅಲಾರಂ ಒಂದು ರಿಪೇರಿ ಮಾಡಿ ಮನೆಗೆ ತಂದೆ. ಸತ್ತೋರೂ ಎದ್ದು ಕೂರಬೇಕು, ಹಂಗೆ ಹೊಡ್ಕೊಳತ್ತೆ. ನನ್ನ ಕೈಗುಣ!

10 ಜನವರಿ, ಬೆಳಿಗ್ಗೆ 6
ಐದಕ್ಕೆ ಅಲಾರಂ ಹೊಡೀತು. ಶಿವಿ ದಡಕ್ಕನೆ ಎದ್ದೋಳು ಹಂಗೇ ಬಿದ್ಲು. ಕಣ್ಣು ಮೇಲಕ್ಕೆ, ಕೈಕಾಲು ಸೆಟೆದು… ಒಂದು ನಿಮಿಷ. ಆಮೇಲೆ, "ಯಾಕೆ ಎಲ್ರೂ ಅಳ್ತಿದೀರಾ?" ಅಂತಾಳೆ. ನಮ್ಮವ್ವ ಗಾಳಿ ಸೋಕಿದೆ ಅಂತ ವಿಭೂತಿ ಹಚ್ಚಿದ್ಲು.

ರಾತ್ರಿ — ನಮ್ಮ ಬೀದಿ ಡಾಕ್ಟರು ಫಿಟ್ಸ್ ಅಂದ್ರು. ಮಾತ್ರೆ ಶುರು.

17 ಜನವರಿ
ಮತ್ತೆ ಬಿದ್ಲು. ಮಾತ್ರೆ ನುಂಗಿದ್ರೂ. ಮತ್ತೆ ಐದಕ್ಕೇ. ವಾರವೆಲ್ಲಾ ಮಲಗಿರ್ಲಿ ಅಂತ ಅಲಾರಂ ಇಟ್ಟಿರಲಿಲ್ಲ, ಇವತ್ತೇ ಇಟ್ಟಿದ್ದು. ನಾನೆಂಥಾ ಪೆದ್ದ! ಗಡಿಯಾರದೋನಿಗೇ ಹೊಳೀಲಿಲ್ಲ — ಎರಡು ಸಲವೂ ಅಲಾರಂ. ಅದರ ಸುತ್ತಿಗೆ ಕಿತ್ತು ಬಿಸಾಕಿದೆ.

24 ಜನವರಿ
ಜಯನಗರದ ಹಾರ್ಟ್ ಡಾಕ್ಟರ್ ಗಂಗಾಧರಯ್ಯ. ಅಲಾರಂ ವಿಷಯ ಹೇಳಿದ್ದೇ ತಡ, ನೆಟ್ಟಗೆ ಕೂತರು. ಇಸಿಜಿ ತೆಗೆಸಿ, ಶಿವಿ ಕಂಪಾಸ್ ಬಾಕ್ಸಿಂದ ಡಿವೈಡರ್ ಇಸ್ಕೊಂಡು ಆ ಕಾಗದದ ಗೆರೆ ಅಳೆದ್ರು. ಫಿಟ್ಸ್ ಅಲ್ವಂತೆ. ಒಂದೊಂದು ಬಡಿತ ಆದ್ಮೇಲೂ ಇವಳ ಹಾರ್ಟು ಸುಧಾರಿಸ್ಕೊಳಕ್ಕೆ ಜಾಸ್ತಿ ಹೊತ್ತು ತಗೊಳತ್ತಂತೆ. ತಟ್ಟನೆ ಸದ್ದಾದ್ರೆ ಲಯ ತಪ್ಪತ್ತೆ. ಒಂದಲ್ಲ ಒಂದಿನ ಬಿದ್ದೋಳು ಏಳದೇ ಇರಬಹುದು.
"ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹಿಂಗೆ ಹೋಗಿದಾರಾ, ಮರುಳಸಿದ್ದಪ್ಪನೋರೇ?"
ನಮ್ಮಕ್ಕ ಕಮಲಾದೇವಿ. ಹದಿನೇಳು ವರ್ಷ. ಯಾರದೋ ಮದುವೇಲಿ ಗಟ್ಟಿಮೇಳ ಶುರುವಾಗಿದ್ದೇ ಬಿದ್ಲು, ಏಳಲಿಲ್ಲ. ದೃಷ್ಟಿ ತಾಗಿತು ಅಂದ್ಕೊಂಡಿದ್ವಿ. ಇಷ್ಟು ವರ್ಷ!
"ನೀವೂ ಆ ಮಂಚದ ಮೇಲೆ ಮಲಕ್ಕೊಳ್ಳಿ" ಅಂದ್ರು ಡಾಕ್ಟರು.

2 ಫೆಬ್ರವರಿ
ಬರೆಯಕ್ಕೆ ಕೈ ಬಂದಿರಲಿಲ್ಲ. ನಂದೂ ಅದೇ ಥರದ ಗೆರೆ. ನನ್ನಿಂದಲೇ ಬಂತು ಮಗೂಗೆ. ಇವತ್ತು ತಡೆಯಕ್ಕಾಗದೆ ಅವಳ ಮುಂದೆ ಹೇಳ್ಕೊಂಡು ಅತ್ತುಬಿಟ್ಟೆ.
"ಈ ಮೊಂಡು ಮೂಗೂ ನಿಂದೇ ಅಲ್ವೇನಪ್ಪಾ? ಅದಕ್ಕೊಂದಿನಾನೂ ಅತ್ತಿಲ್ಲ ನೀನು."
ಕತ್ತೆ! ಅಳ್ತಾ ಅಳ್ತಾನೇ ನಗು ಬಂತು. ಇಬ್ಬರಿಗೂ ಒಂದೇ ಮಾತ್ರೆ, ಒಂದೇ ಡಬ್ಬಿ.

26 ಮಾರ್ಚ್, ಬೆಳಿಗ್ಗೆ 4.50
ಇವತ್ತು ಮೊದಲ ಪರೀಕ್ಷೆ. ಎರಡು ತಿಂಗಳಾಯ್ತು, ಬಿದ್ದಿಲ್ಲ. ಈಗ ಅಲಾರಂ ನಾನೇ. ಐದಕ್ಕೆ ಮೆಲ್ಲಗೆ ಅಂಗಾಲು ಸವರ್ತೀನಿ. ಮೊದಲು ಉಸಿರು ನೋಡ್ತೀನಿ, ಅದು ಅವಳಿಗೆ ಗೊತ್ತಿಲ್ಲ. ಇನ್ನೂ ಹತ್ತು ನಿಮಿಷ ಇದೆ, ಮಲಗಿರ್ಲಿ ನನ್ನ ಬಂಗಾರ.

ಅಯ್ಯೋ, ತಾನೇ ಎದ್ದು ಬಂದ್ಲು! ಒಂದು ಕೈಲಿ ನೀರು, ಇನ್ನೊಂದರಲ್ಲಿ ಎರಡು ಮಾತ್ರೆ. "ಮೊದಲು ನೀನು ನುಂಗಪ್ಪಾ. ದಿನಾ ನನ್ನ ಉಸಿರು ನೋಡ್ತೀಯ, ನಿಂದು ನೋಡೋರ್ಯಾರು?" ಅಂತ ನನ್ನ ಎದೆ ಮೇಲೆ ಕೈಯಿಟ್ಟು ಬಡಿತ ಎಣಿಸ್ತಾ ನಿಂತವಳೆ. ಅಲ್ಲಾಡಬೇಡ, ಬರೀಬೇಡ ಅಂತಾಳೆ. ಆಯ್ತು ಕಣವ್ವಾ, ಇದೊಂದು ಸಾಲು — ಪೆನ್ನು ಕೆಳಗಿಟ್ಟೆ.