ಬೆರಳ ಸಂದಿಯ ಕೆಂಪು ನುಸಿ

ಮಾರ್ಚ್ ೧೪, ಮಂಗಳವಾರ

ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ.

ಸಾಕುಪ್ರಾಣಿ ಅಂಗಡಿಯ ಸೋದರಮಾವ ಮಾರಲು ಇಟ್ಟ ಹಲ್ಲಿಗಳ ಡಬ್ಬಿ ಹಿಡಿದು ನನ್ನ ಪಶುವೈದ್ಯ ಕ್ಲಿನಿಕ್ಕಿಗೇ ಬಂದ. "ಇವು ನಮ್ಮಂಗಡೀಲೇ ಹುಟ್ಟಿ ಬೆಳೆದವು ಅಂತ ಬರೆದುಕೊಡು ಪುಟ್ಟಿ." ಭೂತಗನ್ನಡಿಯಲ್ಲಿ ನೋಡಿದರೆ ಬೆರಳ ಸಂದಿಯಲ್ಲೆಲ್ಲ ಕಾಡಿನ ಕೆಂಪು ನುಸಿ, ಹಿಕ್ಕೆಯಲ್ಲಿ ಹುಳದ ಮೊಟ್ಟೆ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿದವಕ್ಕೆ ಇವೆಲ್ಲ ಎಲ್ಲಿಂದ ಅಂಟಬೇಕು? ಕಾಡಿನಿಂದ ಹಿಡಿದು ತಂದವು; ಮಾರಿದರೆ ಅಪರಾಧ.

"ಔಷಧಿ ಹಾಕಿ ತೊಳೆದುಬಿಡು, ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ ಮಾವ."

ಮುಖ ಊದಿಸಿಕೊಂಡು ಹೋದ. ಸಂಜೆ ಅಮ್ಮನ ಫೋನು: "ನಿನ್ನನ್ನ ಎತ್ತಿ ಆಡಿಸಿದವನಿಗಿಂತ ಹಲ್ಲಿ ಹೆಚ್ಚಾಯ್ತೇನೇ?"

ಆಡಿಸಿದ್ದು ನಿಜ. ಅದಕ್ಕೆ ಕಣ್ಣು ಮುಚ್ಚಿಕೊಳ್ಳಬೇಕೇ?

ಅಮ್ಮನಿಗೆ ಒಂದು ಮಾತು ಹೇಳಿಲ್ಲ. ಮಾವ ಸಿಟ್ಟಿನಲ್ಲಿ ಮೇಜಿನ ಮೇಲೇ ಬಿಟ್ಟುಹೋದ ಡಬ್ಬಿಯನ್ನು ನಾನು ವಾಪಸ್ ಕೊಟ್ಟಿಲ್ಲ. ಬೆಳಗ್ಗೆ ಅರಣ್ಯ ಇಲಾಖೆಯವರು ಬರುತ್ತಾರೆ. ಕರೆದವಳು ನಾನೇ.